ಮ್ಯಾನೇಜರ್ ಗೇಮ್‌ಗಳಲ್ಲಿ ಆಟಗಾರರ ಸಂಬಳ ಎಷ್ಟು ನಿಜ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಬ್ಬಿನ ಮ್ಯಾನೇಜರ್ ಆಗಿ ತಂಡ ನಡೆಸುವ ಕಂಪ್ಯೂಟರ್ ಗೇಮ್ ಫುಟ್‌ಬಾಲ್ ಮ್ಯಾನೇಜರ್. ನಮ್ಮ ಗೆಳೆಯರ ಬಳಗಕ್ಕೆ ಅದರ ಸಂಬಳದ ಫೈಲು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದು ಏಳು ವರ್ಷವಾಯಿತು. ಪ್ರತಿ ಸೀಸನ್ ಶುರುವಾದಾಗ ಅವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಪಿಎಲ್ ಕೂಡ ನಡುವೆ ಬರುತ್ತವೆ. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಸಂಬಳದ ಲೆಕ್ಕ ನನಗೆ ಅರ್ಥವಾದದ್ದು.

ಗೇಮ್‌ನಲ್ಲಿ ಕಾಣುವ ಸಂಬಳ ನಿಜವಾದದ್ದೇನಾ?

ಅದು ಯಾವ ಲೀಗ್ ಅನ್ನುವುದರ ಮೇಲೆ ನಿಂತಿದೆ. ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಆಟಗಾರರ ಸಂಘವೇ ಪ್ರತಿಯೊಬ್ಬರ ಸಂಬಳವನ್ನು ಹೆಸರು ಸಮೇತ ಪ್ರಕಟಿಸುತ್ತದೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಮತ್ತು ಬೇಸ್‌ಬಾಲ್‌ನಲ್ಲೂ ಮೊತ್ತ ಡಾಲರ್ ಲೆಕ್ಕದವರೆಗೆ ಹೊರಗೆ ಬರುತ್ತದೆ. ಐಪಿಎಲ್ ಹರಾಜಂತೂ ಟಿವಿಯಲ್ಲೇ ನಡೆಯುತ್ತದೆ. ಆದರೆ ಇಂಗ್ಲೆಂಡ್, ಜರ್ಮನಿ, ಇಟಲಿ, ಸ್ಪೇನ್‌ನ ಫುಟ್‌ಬಾಲ್ ಲೀಗ್‌ಗಳು ಒಬ್ಬೊಬ್ಬ ಆಟಗಾರನ ಸಂಬಳ ಎಷ್ಟೆಂದು ಹೇಳುವುದಿಲ್ಲ. ಅಲ್ಲಿ ನೀವು ನೋಡುವುದು ತಿಳಿದವರು ಹಾಕಿದ ಅಂದಾಜು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಲು ತಿದ್ದಲು ಕೂತಾಗ ನಾನು ಮೊದಲು ನೋಡುವುದು ಒಪ್ಪಂದ ಮುಗಿಯುವ ದಿನಾಂಕ. ಸಂಬಳದ ಮೊತ್ತ ಕೊನೆಗೆ. ಯಾಕೆ ಅಂತ ಕೆಳಗೆ ಬರುತ್ತದೆ.

ಫುಟ್‌ಬಾಲ್ ಮ್ಯಾನೇಜರ್‌ಗೆ ಈ ಅಂಕಿಗಳನ್ನು ಯಾರು ತುಂಬುತ್ತಾರೆ?

ಗೇಮ್ ಮಾಡುವುದು ಲಂಡನ್‌ನ ಸ್ಪೋರ್ಟ್ಸ್ ಇಂಟರಾಕ್ಟಿವ್. ಅದಕ್ಕೆ ಜಗತ್ತಿನ ಮೂಲೆಮೂಲೆಯಿಂದ ಮಾಹಿತಿ ಕಳಿಸುವ ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಬಹುಪಾಲು ಆಯಾ ಕ್ಲಬ್ಬಿನ ಅಭಿಮಾನಿಗಳೇ, ಒಂದು ಪಂದ್ಯವನ್ನೂ ತಪ್ಪಿಸದವರು. ಒಬ್ಬ ಹುಡುಗನ ಎಡಗಾಲಿನ ಒದೆ ಹೇಗಿದೆ ಅಂತ ಕಣ್ಣಾರೆ ನೋಡಿ ಹೇಳಬಲ್ಲವರು. ಅವನ ಬ್ಯಾಂಕ್ ಖಾತೆಗೆ ಎಷ್ಟು ಬೀಳುತ್ತದೆ ಅನ್ನುವುದು ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದಿಲ್ಲವಲ್ಲ. ಅದಕ್ಕೇ ಒಂದೇ ಡೇಟಾಬೇಸ್‌ನೊಳಗೆ ಆಟದ ಗುಣಗಳನ್ನು ನೀವು ಕಣ್ಣುಮುಚ್ಚಿ ನಂಬಬಹುದು, ಸಂಬಳವನ್ನು ಹಾಗೆ ನಂಬಲಾಗದು. ಇದು ಅವರ ಸೋಮಾರಿತನ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತದೆ. ಅವರು ಮಾಡುವ ಕೆಲಸ ದೊಡ್ಡದು.

ಪತ್ರಿಕೆಯಲ್ಲಿ ಬಂದ ಸಂಬಳಕ್ಕೂ ಗೇಮ್‌ನದಕ್ಕೂ ಇಷ್ಟು ವ್ಯತ್ಯಾಸ ಯಾಕೆ?

ಹತ್ತರಲ್ಲಿ ಎಂಟು ಸಲ ಕಾರಣ ತೆರಿಗೆ. ಇಂಗ್ಲೆಂಡ್‌ನ ಪತ್ರಿಕೆಗಳು ಬರೆಯುವುದು ತೆರಿಗೆ ಕಳೆಯುವ ಮುಂಚಿನ ಮೊತ್ತ, ಅದೂ ವಾರಕ್ಕೆ. ಇಟಲಿಯ ಪತ್ರಿಕೆಗಳು ಬರೆಯುವುದು ತೆರಿಗೆ ಕಳೆದು ಕೈಗೆ ಬರುವ ಮೊತ್ತ, ಅದು ವರ್ಷಕ್ಕೆ. ಗೇಮ್ ಎಲ್ಲರಿಗೂ ತೆರಿಗೆಗೆ ಮುಂಚಿನ ಲೆಕ್ಕವನ್ನೇ ಇಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಇಟಲಿಯಲ್ಲಿ 50,000 ಯೂರೋ ದಾಟಿದ ಆದಾಯಕ್ಕೆ ಶೇ 43 ತೆರಿಗೆ, ಅದರ ಮೇಲೆ ಪ್ರಾಂತ್ಯದ್ದು, ಊರಿನದ್ದು ಬೇರೆ. ಆಟಗಾರನ ಕೈಗೆ 50 ಲಕ್ಷ ಯೂರೋ ಬರಬೇಕಾದರೆ ಕ್ಲಬ್ ಸುಮಾರು 92 ಲಕ್ಷ ತೆಗೆದಿಡಬೇಕು. ಹೊರದೇಶದಿಂದ ಬಂದವರ ಆದಾಯದ ಅರ್ಧಕ್ಕೆ ತೆರಿಗೆ ಇಲ್ಲ ಎಂಬ ಕಾನೂನು 2019ರಲ್ಲಿ ಬಂತು. ಅದರಡಿ ಬಂದ ಆಟಗಾರನಿಗೆ ಅದೇ 50 ಲಕ್ಷ ಕೊಡಲು ಕ್ಲಬ್ಬಿಗೆ ಆಗುತ್ತಿದ್ದ ಖರ್ಚು ಸುಮಾರು 65 ಲಕ್ಷ. ಹೊಸಬರಿಗೆ ಆ ರಿಯಾಯಿತಿ 2023ರ ಕೊನೆಗೆ ನಿಂತುಹೋಯಿತು. ಅಂದರೆ ಒಂದೇ ಡ್ರೆಸಿಂಗ್ ರೂಮಿನಲ್ಲಿ ಪಕ್ಕಪಕ್ಕ ಕೂತ ಇಬ್ಬರಿಗೆ ಪತ್ರಿಕೆಯಲ್ಲಿ ಒಂದೇ ಸಂಬಳ, ಕ್ಲಬ್ಬಿನ ಪುಸ್ತಕದಲ್ಲಿ ಬೇರೆ ಬೇರೆ.

ಮೂರನೇ ವರ್ಷದಲ್ಲಿ ನಾನು ಇದರಲ್ಲೇ ಎಡವಿದ್ದೆ. ಇಟಲಿಯ ಒಂದು ದೊಡ್ಡ ಕ್ಲಬ್ಬಿನ ಇಡೀ ತಂಡಕ್ಕೆ ಪತ್ರಿಕೆಯ ಅಂಕಿಯನ್ನು ಹಾಗೇ ತುಂಬಿಬಿಟ್ಟೆ. ಸಂಬಳದ ಬಜೆಟ್ಟಿನಲ್ಲಿ ಹತ್ತಿರಹತ್ತಿರ ಅರ್ಧ ಉಳಿದ ಆ ಕ್ಲಬ್ ಮೊದಲ ಬೇಸಿಗೆಯಲ್ಲೇ ಸಿಕ್ಕಸಿಕ್ಕ ಸ್ಟ್ರೈಕರ್‌ಗಳನ್ನೆಲ್ಲ ಕೊಂಡಿತು. ಗೆಳೆಯನೊಬ್ಬ ಎರಡು ಸೀಸನ್ ಆಡಿ ಮುಗಿಸಿದ ಮೇಲೆ ಸಂಗತಿ ಗೊತ್ತಾಗಿ, ಅವನು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಆವತ್ತಿನಿಂದ ನನ್ನ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಸಂಬಳದ ಪಕ್ಕ ಎರಡು ಕಾಲಂ ಇವೆ: ತೆರಿಗೆ ಕಳೆದದ್ದೋ ಕಳೆಯದ್ದೋ, ವಾರದ್ದೋ ವರ್ಷದ್ದೋ. ಅವೆರಡು ತುಂಬದೆ ಮೊತ್ತದ ಕಾಲಂ ಮುಟ್ಟುವುದಿಲ್ಲ.

ವಾರದ ಸಂಬಳವನ್ನು ವರ್ಷಕ್ಕೆ ಹೇಗೆ ಮಾಡುವುದು?

52ರಿಂದ ಗುಣಿಸಿ. ವಾರಕ್ಕೆ 3 ಲಕ್ಷ ಪೌಂಡ್ ಅಂದರೆ ವರ್ಷಕ್ಕೆ 1.56 ಕೋಟಿ ಪೌಂಡ್. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ವಾರ, ತಿಂಗಳು, ವರ್ಷ ಯಾವುದು ಬೇಕೋ ಆರಿಸಿಕೊಳ್ಳಬಹುದು.

ನಿಜವಾದ ಒಪ್ಪಂದ ಸಿಕ್ಕರೆ ಅದನ್ನು ಹಾಗೇ ಗೇಮ್‌ಗೆ ಹಾಕಬಹುದಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. 2021ರ ಜನವರಿಯಲ್ಲಿ ಸ್ಪೇನ್‌ನ ಎಲ್ ಮುಂಡೊ ಪತ್ರಿಕೆ ಮೆಸ್ಸಿಯವರ ಬಾರ್ಸಿಲೋನಾ ಒಪ್ಪಂದವನ್ನು ಬಯಲಿಗೆ ತಂದಿತು. ನಾಲ್ಕು ಸೀಸನ್‌ಗೆ ಹೆಚ್ಚೆಂದರೆ 55,52,37,619 ಯೂರೋ. ಅದರಲ್ಲಿ ಒಪ್ಪಂದ ನವೀಕರಿಸಿದ್ದಕ್ಕೇ ಸುಮಾರು 11.5 ಕೋಟಿ, ಕ್ಲಬ್ ಬಿಡದೆ ಉಳಿದದ್ದಕ್ಕೆ ಸುಮಾರು 7.8 ಕೋಟಿ. ಮಿಕ್ಕದ್ದರಲ್ಲಿ ಒಂದಷ್ಟು ಖಚಿತ ಸಂಬಳ, ಒಂದಷ್ಟು ಗೆದ್ದರೆ ಮಾತ್ರ. ಒಟ್ಟು ಮೊತ್ತವನ್ನು 208 ವಾರಕ್ಕೆ ಭಾಗಿಸಿ ವಾರದ ಸಂಬಳ ಅಂತ ಬರೆದರೆ ಅಂಕಿ ನಿಜ, ಒಪ್ಪಂದ ಸುಳ್ಳು. ಬೋನಸ್ಸನ್ನು ಬೋನಸ್ಸಿನ ಜಾಗದಲ್ಲೇ ಹಾಕಬೇಕು.

ಅದೇ ಮೆಸ್ಸಿ ಇಂಟರ್ ಮಯಾಮಿಗೆ ಹೋದ ಮೇಲೆ ಚಿತ್ರವೇ ಬೇರೆ. 2025ರ ಪಟ್ಟಿಯಲ್ಲಿ ಅವರ ಮೂಲ ಸಂಬಳ 1.2 ಕೋಟಿ ಡಾಲರ್, ಖಾತರಿಯಾಗಿ ಸಿಗುವ ಒಟ್ಟು 2,04,46,667 ಡಾಲರ್. ಸಂಘ ಪ್ರಕಟಿಸಿದ ಅಂಕಿ ಇದು, ಅಂದಾಜಿನ ಮಾತೇ ಇಲ್ಲ. ಆದರೆ ಅವರು ಡೆಸಿಗ್ನೇಟೆಡ್ ಪ್ಲೇಯರ್, ಅಂದರೆ ಸಂಬಳದ ಒಂದು ಭಾಗ ಮಾತ್ರ ತಂಡದ ಒಟ್ಟು ಸಂಬಳಕ್ಕೆ ಲೀಗ್ ಇಡುವ ಮಿತಿಯಲ್ಲಿ ಎಣಿಕೆಯಾಗುವ ಆಟಗಾರ. ಹಾಗಾಗಿ ಆ ವರ್ಷ ಮಿತಿಗೆ ತಾಗಿದ್ದು ಬರೀ 7,43,750 ಡಾಲರ್. ಡೇವಿಡ್ ಬೆಕಮ್ ಅವರನ್ನು ಕರೆತರಲೆಂದು 2007ರಲ್ಲಿ ಬಂದ ನಿಯಮ ಅದು. ಮಯಾಮಿ ತಂಡವನ್ನು ಕಟ್ಟುವವರಿಗೆ ಎರಡು ಕೋಟಿಯ ಅಂಕಿಗಿಂತ ಈ ಏಳು ಲಕ್ಷದ ಅಂಕಿ ಸರಿ ಇರುವುದು ಮುಖ್ಯ.

ಎನ್‌ಬಿಎ ಸಂಬಳ ಬಹಿರಂಗ ಅನ್ನುತ್ತೀರಿ, ಮತ್ತೆ ಅಲ್ಲೂ ತಪ್ಪು ಬರುವುದು ಹೇಗೆ?

ಸುದ್ದಿಯ ಶೀರ್ಷಿಕೆ ನೋಡಿ ತುಂಬಿದರೆ ಬರುತ್ತದೆ. 2023ರ ಬೇಸಿಗೆಯಲ್ಲಿ ಬಾಸ್ಟನ್‌ನ ಜೇಲೆನ್ ಬ್ರೌನ್ ಐದು ವರ್ಷಕ್ಕೆ 30.4 ಕೋಟಿ ಡಾಲರ್‌ಗೆ ಸಹಿ ಹಾಕಿದರು ಅಂತ ಎಲ್ಲ ಕಡೆ ಬಂತು. ಒಪ್ಪಂದದಲ್ಲಿ ಇದ್ದದ್ದು ಮೊತ್ತವಲ್ಲ, ಲೆಕ್ಕ: ತಂಡದ ಒಟ್ಟು ಸಂಬಳಕ್ಕೆ ಲೀಗ್ 2024-25ಕ್ಕೆ ಇಡುವ ಮಿತಿಯ ಶೇ 35, ಆಮೇಲೆ ವರ್ಷಕ್ಕೆ ಮೊದಲ ವರ್ಷದ ಸಂಬಳದ ಶೇ 8ರಷ್ಟು ಏರಿಕೆ. ಆ ಮಿತಿ ಕೊನೆಗೆ 14,05,88,000 ಡಾಲರ್‌ಗೆ ನಿಂತಿತು. ಅದರ ಶೇ 35 ಅಂದರೆ ಸುಮಾರು 4.92 ಕೋಟಿ. ಐದು ವರ್ಷ ಸೇರಿದರೆ ಮೊದಲ ವರ್ಷದ 5.8 ಪಟ್ಟು, ಅಂದರೆ ಸುಮಾರು 28.54 ಕೋಟಿ. ಶೀರ್ಷಿಕೆಯ ಮೊತ್ತಕ್ಕೆ ಒಂದೂಮುಕ್ಕಾಲು ಕೋಟಿ ಡಾಲರ್‌ಗೂ ಮಿಕ್ಕಿ ಕೊರತೆ. ಹಾಗಾಗಿ ಲೀಗ್ ಮಿತಿ ಘೋಷಣೆಯಾಗುವವರೆಗೆ ಇಂಥ ಒಪ್ಪಂದಗಳಿಗೆ ಬರೀ ಶೇಕಡಾವಾರು ಬರೆದಿಟ್ಟುಕೊಳ್ಳಿ.

ಬೇಸ್‌ಬಾಲ್‌ನಲ್ಲಿ ನಿವೃತ್ತರಿಗೂ ಸಂಬಳ ಬರುತ್ತಂತೆ, ನಿಜವಾ?

ನಿಜ. ಬಾಬಿ ಬೊನಿಯಾ ಕೊನೆಯ ಸಲ ಆಡಿದ್ದು 2001ರಲ್ಲಿ. ನ್ಯೂಯಾರ್ಕ್ ಮೆಟ್ಸ್ 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಅವರಿಗೆ 11,93,248 ಡಾಲರ್ ಕೊಡುತ್ತದೆ. ಶೋಹೆ ಒಟಾನಿ 2023ರ ಡಿಸೆಂಬರ್‌ನಲ್ಲಿ ಡಾಜರ್ಸ್‌ಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್‌ಗೆ ಒಪ್ಪಿಕೊಂಡರು. ಈಗ ವರ್ಷಕ್ಕೆ ಕೈಗೆ ಬರುವುದು 20 ಲಕ್ಷ ಡಾಲರ್ ಮಾತ್ರ, ಪ್ರತಿ ವರ್ಷದ ಮಿಕ್ಕ 6.8 ಕೋಟಿ ಬರುವುದು 2034ರಿಂದ 2043ರವರೆಗೆ. ಸಂಬಳದ ಮಿತಿ ದಾಟಿದ ತಂಡಕ್ಕೆ ಲೀಗ್ ಹಾಕುವ ಐಷಾರಾಮಿ ತೆರಿಗೆಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 4.6 ಕೋಟಿ. ಏಳು ಕೋಟಿ, ಇಪ್ಪತ್ತು ಲಕ್ಷ, ನಾಲ್ಕೂವರೆ ಕೋಟಿ ಮೂರೂ ಸರಿಯಾದ ಉತ್ತರಗಳೇ. ವರ್ಷಕ್ಕೆ ಒಂದೇ ಅಂಕಿ ಬರೆಯಲು ಜಾಗ ಇರುವ ಯಾವ ಡೇಟಾಬೇಸಿಗೂ ಇದು ಹಿಡಿಸದು. ಒಂದೇ ಬರೆಯಬೇಕೆಂದರೆ ನಾನು ತೆರಿಗೆಯ ಲೆಕ್ಕದ ಅಂಕಿ ಬರೆಯುತ್ತೇನೆ. ತಂಡದ ಮ್ಯಾನೇಜರ್‌ಗೆ ಆ ವರ್ಷ ಬಿಸಿ ತಟ್ಟುವುದು ಅದರಿಂದಲೇ.

ದಿನಾಂಕಕ್ಕೆ ಅಷ್ಟು ಮಹತ್ವ ಯಾಕೆ ಕೊಡುತ್ತೀರಿ?

ಸಂಬಳದಲ್ಲಿ ಶೇ 15 ಹೆಚ್ಚುಕಡಿಮೆಯಾದರೆ ಗೇಮ್ ಅದನ್ನು ನುಂಗಿಕೊಳ್ಳುತ್ತದೆ. ಒಪ್ಪಂದ ಮುಗಿಯುವ ವರ್ಷ ಒಂದು ಆಚೀಚೆಯಾದರೆ ಆ ಆಟಗಾರನ ಕತೆಯೇ ಬದಲಾಗುತ್ತದೆ.

ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ಬೆಲ್ಜಿಯಂನ ಜಾನ್ ಮಾರ್ಕ್ ಬೊಸ್ಮನ್ ಪರವಾಗಿ ತೀರ್ಪು ಕೊಟ್ಟಿತು. ಆವತ್ತಿನಿಂದ ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಬೇರೆ ದೇಶಕ್ಕೆ ಒಂದು ರೂಪಾಯಿ ವರ್ಗಾವಣೆ ಶುಲ್ಕವಿಲ್ಲದೆ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಹೊರದೇಶದ ಕ್ಲಬ್ ನೇರವಾಗಿ ಮಾತಾಡಬಹುದು. ಗೇಮ್ ಇದನ್ನು ಅಚ್ಚುಕಟ್ಟಾಗಿ ಪಾಲಿಸುತ್ತದೆ. ಒಪ್ಪಂದ 2026ರ ಜೂನ್ 30ಕ್ಕೆ ಮುಗಿಯುವ ಆಟಗಾರನನ್ನು ಹೊರದೇಶದ ಕ್ಲಬ್ಬಿನವರಾದ ನೀವು ಆ ವರ್ಷದ ಜನವರಿಯಲ್ಲೇ ಒಪ್ಪಿಸಿ, ಒಪ್ಪಂದ ಮುಗಿದ ಮೇಲೆ ಬಿಟ್ಟಿ ಪಡೆಯುತ್ತೀರಿ. ಅದೇ ಜಾಗದಲ್ಲಿ ತಪ್ಪಿ 2027 ಅಂತಿದ್ದರೆ ಅವನಿಗೆ ಕೋಟಿಗಟ್ಟಲೆ ಸುರಿಯಬೇಕು.

ಬೇಸ್‌ಬಾಲ್‌ನಲ್ಲಿ ಇದು ದಿನದ ಲೆಕ್ಕಕ್ಕೇ ಬರುತ್ತದೆ. ಅಲ್ಲಿ 172 ದಿನ ತಂಡದಲ್ಲಿದ್ದರೆ ಒಂದು ವರ್ಷದ ಸೇವೆ, ಆರು ವರ್ಷವಾದರೆ ಆಟಗಾರ ಸ್ವತಂತ್ರ. 2015ರಲ್ಲಿ ಚಿಕಾಗೊ ಕಬ್ಸ್ ತನ್ನ ಯುವ ತಾರೆ ಕ್ರಿಸ್ ಬ್ರಯಂಟ್ ಅವರನ್ನು ಸೀಸನ್ ಶುರುವಾಗಿ ಕೆಲವು ದಿನ ಬಿಟ್ಟು ಕರೆಸಿಕೊಂಡಿತು. ವರ್ಷದ ಕೊನೆಗೆ ಅವರ ಲೆಕ್ಕ 171 ದಿನ. ಆ ಒಂದು ದಿನಕ್ಕೆ ಅವರ ಬಿಡುಗಡೆ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ಅವರು ದೂರು ಕೊಟ್ಟರು, 2020ರಲ್ಲಿ ಸೋತರು. ಬೇಸ್‌ಬಾಲ್‌ನ ಮ್ಯಾನೇಜರ್ ಗೇಮ್ ಆದ ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಈ ಸೇವಾ ದಿನಗಳನ್ನು ಎಣಿಸುತ್ತದೆ, ಆ ಗೇಮ್ ಮೇಲೆ ನನಗಿರುವ ಗೌರವಕ್ಕೆ ಇದೇ ಕಾರಣ.

ಬಿಡುಗಡೆಯ ಷರತ್ತು?

ಇಷ್ಟು ಮೊತ್ತ ಕಟ್ಟಿದರೆ ಆಟಗಾರ ಒಪ್ಪಂದದಿಂದ ಹೊರಬರಬಹುದು ಎಂಬ ಷರತ್ತು ಅದು. ಸ್ಪೇನ್‌ನಲ್ಲಿ 1985ರ ರಾಜಾಜ್ಞೆಯ ಕಾರಣ ಆಟಗಾರರ ಒಪ್ಪಂದಗಳಲ್ಲಿ ಇಂಥ ಮೊತ್ತ ಇದ್ದೇ ಇರುತ್ತದೆ, ಬಹುಪಾಲು ಬಹಿರಂಗವೂ ಹೌದು. 2017ರ ಆಗಸ್ಟ್‌ನಲ್ಲಿ ನೇಮಾರ್ ಪ್ಯಾರಿಸ್‌ಗೆ ಹೋದದ್ದು ಹಾಗೆ ಬರೆದಿಟ್ಟಿದ್ದ 22.2 ಕೋಟಿ ಯೂರೋ ಕಟ್ಟಿಯೇ. ಇಂಗ್ಲೆಂಡ್‌ನಲ್ಲಿ ಇದ್ದರೂ ಹೇಳುವುದಿಲ್ಲ. ಎರಡು ಕಡೆ ನಂಬಿಕಸ್ಥ ಸುದ್ದಿ ಬರುವವರೆಗೆ ನಾನು ಷರತ್ತಿನ ಜಾಗ ಖಾಲಿ ಬಿಡುತ್ತೇನೆ.

ಐಪಿಎಲ್ ಹರಾಜಿನ ಬೆಲೆಯೇ ಸಂಬಳ ತಾನೇ? ಅದರಲ್ಲಿ ಏನು ತಪ್ಪಾಗಲು ಸಾಧ್ಯ?

ನಮ್ಮ ಬಳಗದಲ್ಲಿ ಐಪಿಎಲ್ ಹರಾಜಿನ ಆಟವನ್ನು ಎಕ್ಸೆಲ್‌ನಲ್ಲೇ ಕಟ್ಟಿ ಆಡುವವರಿದ್ದಾರೆ, ಅವರಿಂದ ಹೆಚ್ಚು ಬರುವ ಪ್ರಶ್ನೆ ಇದು. ಹರಾಜಿನ ಬೆಲೆ ಒಂದು ಸೀಸನ್‌ನ ಸಂಬಳ, ಇದು ಸರಿ. ಆದರೆ ಮೂರು ಕಡೆ ಅದು ಜಾರುತ್ತದೆ.

ಮೊದಲನೆಯದು, ತಂಡದ ಪರ್ಸಿನಿಂದ ಹೋದದ್ದೆಲ್ಲ ಆಟಗಾರನಿಗೆ ಸೇರುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ನಡೆದ ಹರಾಜಿನಲ್ಲಿ ಕೋಲ್ಕತ್ತ ತಂಡ ಕ್ಯಾಮರಾನ್ ಗ್ರೀನ್‌ಗೆ 25.20 ಕೋಟಿ ಕೂಗಿತು. ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನಿಗೆ 18 ಕೋಟಿಯ ಮಿತಿ ಇದ್ದದ್ದರಿಂದ ಅವರ ಪಾಲಿಗೆ ಬಂದದ್ದು 18 ಕೋಟಿ. ಮಿಕ್ಕ 7.20 ಕೋಟಿ ಆಟಗಾರರ ಕಲ್ಯಾಣಕ್ಕೆಂದು ಬಿಸಿಸಿಐಗೆ. ನಿಮ್ಮ ಹಾಳೆಯಲ್ಲಿ ಪರ್ಸಿಗೆ ಒಂದು ಅಂಕಣ, ಸಂಬಳಕ್ಕೆ ಇನ್ನೊಂದು ಬೇಕು.

ಎರಡನೆಯದು, ಪಂದ್ಯದ ಶುಲ್ಕ. 2025ರಿಂದ ಆಡಿದ ಪ್ರತಿ ಪಂದ್ಯಕ್ಕೆ 7.5 ಲಕ್ಷ ರೂಪಾಯಿ ಬೇರೆಯಾಗಿ ಸಿಗುತ್ತದೆ. 2 ಕೋಟಿಗೆ ಆರ್‌ಸಿಬಿ ಸೇರಿದ ದೇವದತ್ತ ಪಡಿಕ್ಕಲ್ ಅವರಂಥವರಿಗೆ ಇದು ಸಣ್ಣ ಮೊತ್ತವಲ್ಲ. ಹತ್ತು ಪಂದ್ಯ ಆಡಿದರೆ 75 ಲಕ್ಷ, ಅಂದರೆ ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. 21 ಕೋಟಿಗೆ ಉಳಿಸಿಕೊಂಡ ವಿರಾಟ್ ಕೊಹ್ಲಿಯವರ ಲೆಕ್ಕದಲ್ಲಿ ಅದೇ ಮೊತ್ತ ಶೇ 4 ಕೂಡ ಆಗುವುದಿಲ್ಲ. ಇದೇ ಪಡಿಕ್ಕಲ್ ಅವರನ್ನು 2025ರ ಮಹಾರಾಜ ಟ್ರೋಫಿಗೆ ಹುಬ್ಬಳ್ಳಿ ಟೈಗರ್ಸ್ 13.20 ಲಕ್ಷಕ್ಕೆ ಕೊಂಡಿತು. ಒಂದೇ ವರ್ಷ, ಒಬ್ಬನೇ ಆಟಗಾರ, ಎರಡು ಒಪ್ಪಂದ. ಒಬ್ಬ ಆಟಗಾರನಿಗೆ ಒಂದೇ ಸಂಬಳ ಅಂತ ನಂಬಿ ಕಟ್ಟಿದ ಗೇಮ್ ಕ್ರಿಕೆಟ್‌ಗೆ ಒಗ್ಗುವುದೇ ಇಲ್ಲ.

ಮೂರನೆಯದು, ಹಳೆಯ ಸೀಸನ್‌ಗಳ ನಿಯಮಗಳು. ಮೊದಲ ವರ್ಷಗಳಲ್ಲಿ ಹರಾಜು ನಡೆದದ್ದು ಡಾಲರ್‌ನಲ್ಲಿ, ರೂಪಾಯಿಗೆ ಬಂದದ್ದು 2014ರಲ್ಲಿ. 2008ರಲ್ಲಿ ರಾಹುಲ್ ದ್ರಾವಿಡ್ ಹರಾಜಿಗೇ ಬರಲಿಲ್ಲ, ಅವರು ಬೆಂಗಳೂರಿನ ಐಕಾನ್ ಆಟಗಾರ. ಐಕಾನ್‌ಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ 15 ಹೆಚ್ಚು ಕೊಡಬೇಕಿತ್ತು. ಜಾಕ್ ಕಾಲಿಸ್ 9,00,000 ಡಾಲರ್‌ಗೆ ಬಂದದ್ದರಿಂದ ದ್ರಾವಿಡ್ ಅವರದು 10,35,000 ಆಯಿತು. 2008ರ ಹರಾಜನ್ನು ಮತ್ತೆ ಆಡಿಸುವವರು ದ್ರಾವಿಡ್ ಅವರಿಗೆ ಈ ಅಂಕಿಯನ್ನು ಗಟ್ಟಿಯಾಗಿ ಬರೆದಿಡುತ್ತಾರೆ. ಹಾಗೆ ಮಾಡಬೇಡಿ, ಸೂತ್ರ ಬರೆಯಿರಿ. ನೀವು ಕಾಲಿಸ್‌ಗೆ 12 ಲಕ್ಷ ಕೂಗಿದರೆ ದ್ರಾವಿಡ್ ತಾವಾಗಿಯೇ 13.8 ಲಕ್ಷ ಆಗಬೇಕು. ಆ ವರ್ಷದ ಹರಾಜಿನ ಸಂಕಟವೇ ಅದು.

ರಣಜಿ ಆಟಗಾರರಿಗೆ ತಿಂಗಳ ಸಂಬಳ ಎಷ್ಟು ಹಾಕಲಿ?

ತಿಂಗಳ ಸಂಬಳ ಹಾಕಬೇಡಿ, ದಿನದ ಲೆಕ್ಕ ಹಾಕಿ. 2021-22ರಿಂದ ಜಾರಿಯಾದ ದರದಲ್ಲಿ 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಆಡಿದವರಿಗೆ 50,000, ಅದಕ್ಕಿಂತ ಕಡಿಮೆಯವರಿಗೆ 40,000. ನಾಲ್ಕು ದಿನದ ಪಂದ್ಯಕ್ಕೆ ಹಿರಿಯ ಆಟಗಾರನಿಗೆ 2.4 ಲಕ್ಷ. ಏಳು ಲೀಗ್ ಪಂದ್ಯ ಆಡಿದರೆ 16.8 ಲಕ್ಷ, ಗಾಯವಾಗಿ ಮೂರೇ ಆಡಿದರೆ 7.2 ಲಕ್ಷ. ಗಾಯದ ಭಯ ಯಾಕೆ ಅಷ್ಟು ದೊಡ್ಡದು ಅಂತ ಗೇಮ್ ಆಡುವವನಿಗೆ ಗೊತ್ತಾಗುವುದು ಈ ಲೆಕ್ಕ ಸರಿ ಇದ್ದಾಗಲೇ.

ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ಸರಿ ಇದೆಯಾ?

ಅವರು ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ತಂಡಕ್ಕೆ ಸಂಬಳದ ಮಿತಿ ಇದೆ, ಒಬ್ಬೊಬ್ಬರದು ಪ್ರಕಟವಾಗುವುದಿಲ್ಲ. ಹಾಗಾಗಿ ಮಿತಿಯೊಳಗೆ ಹಂಚಿ ಅಂದಾಜು ಮಾಡುತ್ತೇನೆ. ಆದರೆ ಇಲ್ಲಿ ನನ್ನನ್ನು ಕಾಡುವುದು ಬೇರೆಯೇ ಸಂಗತಿ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಅಂತ ತೂಗಾಡುತ್ತಿದ್ದಾಗ, ಕ್ಲಬ್ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಆ ವಾರ ನಾನು ಅವರ ಸಂಬಳದ ಸಾಲುಗಳನ್ನೇ ತಿದ್ದುತ್ತಿದ್ದೆ. ಪರದೆ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಅಂಕಿ, ನಿಜದಲ್ಲಿ ಆ ತಿಂಗಳು ಸೊನ್ನೆ. ಕಂಠೀರವ ಕ್ರೀಡಾಂಗಣದಲ್ಲಿ ಅವರಿಗೆ ಕೂಗಿದ ನಮಗೆ ಅದು ಬರೀ ಡೇಟಾ ಆಗಿರಲಿಲ್ಲ.

ನಾನೇ ತಿದ್ದಬೇಕಾದರೆ ಎಲ್ಲಿಂದ ಶುರು ಮಾಡಲಿ?

ಗೇಮ್ ಶುರುಮಾಡುವ ಮುಂಚಿನ ಎಡಿಟರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮಾಡಿದ ಬದಲಾವಣೆ ಹೊಸದಾಗಿ ಶುರುಮಾಡುವ ಆಟಕ್ಕೆ ಮಾತ್ರ ತಾಗುತ್ತದೆ, ಈಗಾಗಲೇ ಆಡುತ್ತಿರುವ ಆಟಕ್ಕೆ ಇಲ್ಲ. ಮೊದಲು ದಿನಾಂಕಗಳು, ಆಮೇಲೆ ಬೇರೆ ಕ್ಲಬ್ಬಿಗೆ ಎರವಲಾಗಿ (ಲೋನ್) ಹೋದ ಆಟಗಾರರ ಸಂಬಳವನ್ನು ಯಾವ ಕ್ಲಬ್ ಎಷ್ಟು ಕೊಡುತ್ತದೆ ಅನ್ನುವುದು, ಆಮೇಲೆ ಷರತ್ತುಗಳು, ಕೊನೆಗೆ ಮೊತ್ತ.

ಮೊತ್ತಕ್ಕೆ ಬಂದಾಗ ತಂಡದೊಳಗಿನ ಅನುಪಾತ ನೋಡಿ. ಯಾರು ಯಾರಿಗಿಂತ ಎಷ್ಟು ಹೆಚ್ಚು ಅನ್ನುವುದು ಸರಿ ಇದ್ದರೆ ಒಪ್ಪಂದದ ಮಾತುಕತೆಗಳೂ ಸರಿಯಾಗಿ ನಡೆಯುತ್ತವೆ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್‌ನ (ಡಬ್ಲ್ಯೂಪಿಎಲ್) ಮೊದಲ ಹರಾಜಿನಲ್ಲಿ ಸ್ಮೃತಿ ಮಂದಾನ 3.40 ಕೋಟಿ ಪಡೆದದ್ದು 12 ಕೋಟಿಯ ಪರ್ಸಿನಲ್ಲಿ, ಅಂದರೆ ಶೇ 28. ಕೊಹ್ಲಿಯವರ 21 ಕೋಟಿ 120 ಕೋಟಿಯ ಪರ್ಸಿನಲ್ಲಿ ಶೇ 17.5. ಮೊತ್ತ ಮಾತ್ರ ನೋಡಿದವರಿಗೆ ಆರ್‌ಸಿಬಿ ಸ್ಮೃತಿಯವರ ಮೇಲೆ ಇಟ್ಟ ಭಾರ ಎಷ್ಟು ದೊಡ್ಡದೆಂದು ಕಾಣುವುದೇ ಇಲ್ಲ.

ನಾನು ತುಂಬಿದ್ದು ಸರಿಯೋ ತಪ್ಪೋ ತಾಳೆ ನೋಡುವುದು ಹೇಗೆ?

ಇಂಗ್ಲೆಂಡ್‌ನ ಕ್ಲಬ್‌ಗಳು ವರ್ಷದ ಲೆಕ್ಕಪತ್ರ ಸಲ್ಲಿಸಲೇಬೇಕು, ಅದರಲ್ಲಿ ಒಟ್ಟು ಸಂಬಳದ ಬಾಬ್ತು ಇರುತ್ತದೆ. ಮ್ಯಾಂಚೆಸ್ಟರ್ ಸಿಟಿಯದು 2022-23ರಲ್ಲಿ ಸುಮಾರು 42.3 ಕೋಟಿ ಪೌಂಡ್. ನೀವು ತುಂಬಿದ ಆಟಗಾರರ ಮೊತ್ತ ಕೂಡಿದಾಗ ಇದಕ್ಕಿಂತ ಸಾಕಷ್ಟು ಕಡಿಮೆ ಬರಬೇಕು, ಯಾಕೆಂದರೆ ಅದರಲ್ಲಿ ಕೋಚ್, ವೈದ್ಯರು, ಕಚೇರಿಯವರು ಎಲ್ಲರೂ ಇದ್ದಾರೆ. ಮೇಲಾಗಿ ಆ ವರ್ಷ ಸಿಟಿ ಮೂರು ದೊಡ್ಡ ಕಪ್ ಗೆದ್ದಿತ್ತು, ಬೋನಸ್ಸೂ ಸೇರಿದೆ. ನಿಮ್ಮ ಮೊತ್ತ ಅದನ್ನು ಮೀರಿದರೆ ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ.

ಒಂದೇ ಕ್ಲಬ್ ತಿದ್ದಿದರೆ ಸಾಕಾ?

ಸಾಲದು. ಒಂದು ಕ್ಲಬ್ಬಿನ ಸಂಬಳ ಏರಿಸಿ ಅದರ ಬಜೆಟ್ ಹಾಗೇ ಬಿಟ್ಟರೆ ಮೊದಲ ಸೀಸನ್‌ನಲ್ಲೇ ಆಟಗಾರರನ್ನು ಮಾರಲು ಶುರುಮಾಡುತ್ತದೆ. ಕ್ಲಬ್ಬಿನ ಸಂಬಳದ ಬಜೆಟ್ ಕೂಡ ಜೊತೆಗೇ ತಿದ್ದಿ, ಸಾಧ್ಯವಾದರೆ ಇಡೀ ಲೀಗ್ ಮಾಡಿ.

ನಾಲ್ಕೈದು ಸೀಸನ್ ಆಡಿದ ಮೇಲೂ ಇದೆಲ್ಲ ಲೆಕ್ಕಕ್ಕೆ ಬರುತ್ತದಾ?

ಮೊತ್ತಗಳು ಬರುವುದಿಲ್ಲ, ಅಷ್ಟರಲ್ಲಿ ಬಹುತೇಕ ಎಲ್ಲರ ಒಪ್ಪಂದವನ್ನೂ ಗೇಮ್ ಹೊಸದಾಗಿ ಬರೆದಿರುತ್ತದೆ. ಲೀಗಿನ ನಿಯಮಗಳು ಕೊನೆಯವರೆಗೂ ಬರುತ್ತವೆ.

ನಿಮ್ಮ ಫೈಲಿನಲ್ಲಿ ತಪ್ಪು ಕಂಡರೆ ಏನು ಕಳಿಸಬೇಕು?

ಆಟಗಾರನ ಹೆಸರು, ಒಪ್ಪಂದ ಮುಗಿಯುವ ದಿನಾಂಕ, ಮೊತ್ತ, ಯಾವ ಕರೆನ್ಸಿ, ವಾರದ್ದೋ ವರ್ಷದ್ದೋ, ತೆರಿಗೆ ಕಳೆದದ್ದೋ ಕಳೆಯದ್ದೋ. ಮೊತ್ತ ಗೊತ್ತಿಲ್ಲದಿದ್ದರೂ ದಿನಾಂಕ ಗೊತ್ತಿದ್ದರೆ ಅಷ್ಟನ್ನೇ ಕಳಿಸಿ. ಕ್ಲಬ್ ತಾನೇ ಪ್ರಕಟಿಸಿದ ದಿನಾಂಕವಾದರೆ ಅದೇ ರಾತ್ರಿ ಹಾಕುತ್ತೇನೆ.